ಮಾಡಿಗೆ ಸೋಲಾರ್ ಹಾಕುವ ಮೊದಲು ತೆಂಗಿನಮರ ನೋಡಿ ಮಾರಾಯ್ರೆ

ಎಲ್ಲರೂ ಮೊದಲು ಕೇಳುದು ಸಬ್ಸಿಡಿ ಎಷ್ಟು ಅಂತ, ಅದನ್ನು ಆಮೇಲೆ ಹೇಳ್ತೇನೆ. ಮೊದಲು ಒಳ್ಳೆ ಬಿಸಿಲಿನ ದಿನ ಬೆಳಿಗ್ಗೆ 9ಕ್ಕೆ, ಮಧ್ಯಾಹ್ನ, ಮತ್ತೆ ಸಂಜೆ 4ಕ್ಕೆ ಟೆರೇಸ್ ಹತ್ತಿ ನೆರಳು ಎಲ್ಲೆಲ್ಲಿ ಬೀಳ್ತದೆ ಅಂತ ಮೊಬೈಲಲ್ಲಿ ಫೋಟೋ ತೆಗೀರಿ. ನಮ್ಮ ಉಡುಪಿ ಕಡೆ ಮನೆಗಿಂತ ಎತ್ತರ ತೆಂಗಿನಮರಗಳೇ ತಾನೆ, ಒಂದು ಪ್ಯಾನೆಲ್ ಮೇಲೆ ಮಡಲಿನ ನೆರಳು ಬಿದ್ರೆ ಅದೇ ಸಾಲಿನ ಉಳಿದವುಗಳ ಉತ್ಪಾದನೆಯೂ ಇಳೀಬಹುದು. ಡಿಸೆಂಬರಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ ನೆರಳು ಉದ್ದ ಆಗ್ತದೆ, ಹಾಗಾಗಿ ದಕ್ಷಿಣ ಬದಿಯ ಮರವನ್ನು ಸ್ವಲ್ಪ ಜಾಸ್ತಿಯೇ ನೋಡಿ.

ಆಮೇಲೆ ಒಂದು ವರ್ಷದ ಕರೆಂಟ್ ಬಿಲ್ಲಿನ ಯೂನಿಟ್ ಒಟ್ಟು ಮಾಡಿ, ಎಷ್ಟು ಕಿಲೋವ್ಯಾಟ್ ಬೇಕು ಅಂತ ಗೊತ್ತಾಗ್ತದೆ. 1 ಕಿಲೋವ್ಯಾಟಿಗೆ ಸುಮಾರು 100 ಚದರ ಅಡಿ ಜಾಗ ಬೇಕು, ಬಿಸಿಲಿದ್ರೆ ದಿನಕ್ಕೆ 4 ಯೂನಿಟ್ ಹತ್ತಿರ ಬರ್ತದೆ, ಜಡಿಮಳೆಯ ಆಟಿ ತಿಂಗಳಲ್ಲಿ ಅದರ ಅರ್ಧ ಬಂದ್ರೂ ಪುಣ್ಯ. ಗೃಹಜ್ಯೋತಿಯಲ್ಲಿ ಝೀರೋ ಬಿಲ್ ಬರುವವರಿಗೆ ದುಡ್ಡಿನ ಲೆಕ್ಕದಲ್ಲಿ ಹೆಚ್ಚೇನೂ ಉಳಿಯುದಿಲ್ಲ, ನಂದಿಕೂರಿನ ಕರೆಂಟ್ ಸ್ಥಾವರದಲ್ಲಿ ಹಡಗಲ್ಲಿ ಬಂದ ಕಲ್ಲಿದ್ದಲು ಉರಿಯುದು ನೋಡಿ ಬೇಜಾರಾಗಿ ಹಾಕ್ತೇನೆ ಅಂದ್ರೆ ಆ ಮಾತು ಬೇರೆ.

ಸಬ್ಸಿಡಿ ಸಿಗುದು ಕೇಂದ್ರ ಸರಕಾರದ ಯೋಜನೆ ಪಿಎಂ ಸೂರ್ಯಘರ್‌ನಲ್ಲಿ, 2024ರಲ್ಲಿ ಶುರುವಾದದ್ದು. ಮೊದಲ 2 ಕಿಲೋವ್ಯಾಟಿಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ, ಅದರ ಮೇಲೆ ಎಷ್ಟು ಹಾಕಿದ್ರೂ ಅಷ್ಟೇ. ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ಅಲ್ಲಿ ನೋಂದಣಿ ಆದ ವೆಂಡರ್ ಹತ್ರವೇ ಮಾಡಿಸ್ಬೇಕು, ಪ್ಯಾನೆಲೂ ಅದರೊಳಗಿನ ಸೆಲ್ಲೂ ನಮ್ಮ ದೇಶದಲ್ಲೇ ತಯಾರಾದದ್ದು ಆಗ್ಬೇಕು, ನಮ್ಮ ಕಡೆಯ ಕರೆಂಟ್ ಕಂಪೆನಿ ಮೆಸ್ಕಾಂನವರು ನೆಟ್ ಮೀಟರ್ (ಲೈನಿಂದ ಬಂದದ್ದು, ನಾವು ಲೈನಿಗೆ ಕೊಟ್ಟದ್ದು ಎರಡನ್ನೂ ಅಳೆಯುವ ಮೀಟರ್) ಕೂರಿಸಿ ಎಲ್ಲ ಓಕೆ ಆದ ಮೇಲೆ ದುಡ್ಡು ಬ್ಯಾಂಕಿಗೆ ಬರ್ತದೆ, ಅಲ್ಲಿವರೆಗೆ ಪೂರ್ತಿ ಖರ್ಚು ನಮ್ಮದೇ ಕೈಯಿಂದ ಅಥವಾ ಸಾಲದಿಂದ.

ಕೊಟೇಶನ್ ತಗೊಳ್ಳುವಾಗ ಪ್ಯಾನೆಲ್ ಬ್ರ್ಯಾಂಡಿಗಿಂತ ಸ್ಟ್ಯಾಂಡ್ ಬಗ್ಗೆ ಜಾಸ್ತಿ ಕೇಳಿ. ಮಲ್ಪೆ, ಉಳ್ಳಾಲದಂಥ ಕಡೆ ಉಪ್ಪುಗಾಳಿಗೆ ಬರೀ ಪೈಂಟ್ ಹೊಡೆದ ಕಬ್ಬಿಣ ಬೇಗ ತುಕ್ಕು ಹಿಡೀತದೆ, ಹಾಟ್ ಡಿಪ್ ಗ್ಯಾಲ್ವನೈಸ್ ಆದದ್ದು (ಕರಗಿದ ಸತುವಲ್ಲಿ ಅದ್ದಿ ತೆಗೆದದ್ದು) ಅಥವಾ ಅಲ್ಯೂಮಿನಿಯಂ ಇರಲಿ, ನಟ್ಟು ಬೋಲ್ಟು ಸ್ಟೇನ್ಲೆಸ್ ಸ್ಟೀಲಿಂದು. ಮಳೆಗೆ ಅಂತ ಟೆರೇಸ್ ಮೇಲೆ ಶೀಟ್ ಹಾಕಿದವರು ಆ ಹಳೇ ಪೈಪುಗಳು ಗಾಳಿಗೆ ತಡೀತವಾ ಅಂತ ವೆಲ್ಡರ್‌ಗೆ ತೋರಿಸಿ. ಸಿಡಿಲಿನ ಊರು ನಮ್ಮದು, ಅರ್ಥಿಂಗ್‌ನಲ್ಲಿ ಚೌಕಾಸಿ ಬೇಡ.

ಮತ್ತೊಂದು, ಕರೆಂಟ್ ಲೈನಿಗೇ ಜೋಡಿಸಿದ, ಬ್ಯಾಟರಿ ಇಲ್ಲದ ಆನ್‌ಗ್ರಿಡ್ ಸಿಸ್ಟಮ್ ಲೈನಲ್ಲಿ ಕರೆಂಟ್ ಹೋದ ಕೂಡ್ಲೇ ತಾನೂ ಬಂದ್ ಆಗ್ತದೆ, ಇಲ್ಲದಿದ್ರೆ ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ನಮ್ಮ ಮನೆ ಕರೆಂಟೇ ಹೊಡೀಬಹುದಲ್ವಾ. ಇದು ಗೊತ್ತಿಲ್ಲದೆ ನಾನು ಮಟಮಟ ಮಧ್ಯಾಹ್ನ, ಮಾಡಿನ ಮೇಲೆ 3 ಕಿಲೋವ್ಯಾಟ್ ಇಟ್ಕೊಂಡು, ಫ್ಯಾನಿಲ್ಲದೆ ಬೆವರಿಳಿಸ್ಕೊಂಡು ವೆಂಡರ್‌ಗೆ ಫೋನ್ ಮೇಲೆ ಫೋನ್ ಮಾಡಿದ್ದೆ.

ತೊಳೆಯುದು ಮಳೆಗಾಲ ಕಳೆದ ಮೇಲೆ ಮಾತ್ರ, ಬಿಸಿಲೇರುವ ಮೊದಲು, ಬಾವಿ ನೀರಲ್ಲಿ. ಮತ್ತೆ ತೆಂಗಿನಕಾಯಿ ತೆಗೆಯುವವರು ಬಂದ ದಿನ ಪ್ಯಾನೆಲ್ ಬದಿಯ ಗೊನೆಯನ್ನು ಹಗ್ಗ ಕಟ್ಟಿ ಇಳಿಸ್ಲಿಕ್ಕೆ ಹೇಳಿ, ಮರ ಹತ್ತುವ ಮೊದಲೇ.