ಡಾರ್ಕ್ ರೂಮ್ ಖಾಲಿ ಮಾಡಿದ್ದು

ಅರಸೀಕೆರೇಲಿ ನಂದೊಂದು ಫೋಟೋ ಸ್ಟುಡಿಯೋ ಇದೆ, 1996ರಿಂದ. ಅದಕ್ಕೂ ಮುಂಚೆ ಐದು ವರ್ಷ ಸೋದರಮಾವನ ಸ್ಟುಡಿಯೋದಲ್ಲಿ ಹೆಲ್ಪರ್ ಆಗಿದ್ದೆ, ಡಾರ್ಕ್ ರೂಮಲ್ಲೇ, ಅಂದ್ರೆ ಫೋಟೋ ತೊಳೆಯೋ ಕತ್ತಲೆ ಕೋಣೇಲೇ, ಕೈ ಪಳಗಿದ್ದು. ಮದುವೆ ಕಲರ್ ರೀಲುಗಳೆಲ್ಲ ಲ್ಯಾಬಿಗೆ ಹೋಗ್ತಿದ್ವು, ಪಾಸ್‌ಪೋರ್ಟ್ ಸೈಜು, ಬ್ಲ್ಯಾಕ್ ಅಂಡ್ ವೈಟು ಮಾತ್ರ ನಮ್ಮಲ್ಲೇ. ಕೆಂಪು ಬಲ್ಬಿನ ಬೆಳಕಲ್ಲಿ ಪೇಪರನ್ನ ಡೆವಲಪರ್ ಟ್ರೇಲಿ ಮುಳುಗಿಸಿ ಅಲ್ಲಾಡಿಸ್ತಾ ನಿಂತ್ರೆ ಮೊದಲು ಕೂದಲು, ಆಮೇಲೆ ಹುಬ್ಬು, ಕಣ್ಣು, ಕೊನೆಗೆ ಇಡೀ ಮುಖ ಮೇಲೆದ್ದು ಬರೋದು, ಸರಿಯಾದ ಹೊತ್ತಿಗೆ ಎತ್ತಿ ಹೈಪೋಗೆ (ಚಿತ್ರ ಅಳಿಸದ ಹಾಗೆ ಗಟ್ಟಿ ಮಾಡೋ ಕೆಮಿಕಲ್) ಹಾಕ್ಬೇಕು, ಲೇಟಾದ್ರೆ ಎಸ್ಸೆಸ್ಸೆಲ್ಸಿ ಹುಡುಗ ಹಾಲ್ ಟಿಕೆಟಲ್ಲಿ ಇದ್ದಿಲಾಗಿರ್ತಾನೆ. ನೆಗೆಟಿವ್ ಮೇಲೆ ಚೂಪು ಪೆನ್ಸಿಲಲ್ಲಿ ಟಚಿಂಗ್ ಮಾಡಿ ಮೊಡವೆ ಕಲೆ ತೆಗೀತಿದ್ದೆ. ನಮ್ಮೂರಲ್ಲಿ ನನ್ ಟಚಿಂಗಿಗೆ ಒಂದು ಹೆಸರಿತ್ತು, ಸುಳ್ಳಲ್ಲ.

2005ರ ಸುಮಾರಿಗೆ ಗಿರಾಕಿಗಳು "ಡಿಜಿಟಲ್ ಇದ್ಯಾ ಸಾರ್" ಅಂತ ಕೇಳೋಕೆ ಶುರು ಮಾಡಿದ್ರು. ನಾನು ಏನ್ ಹೇಳ್ತಿದ್ದೆ ಗೊತ್ತಾ, "ಅದು ಹತ್ತು ವರ್ಷಕ್ಕೆ ಅಳಿಸಿ ಹೋಗುತ್ತೆ, ನೆಗೆಟಿವ್ ಇದ್ರೆ ಮೊಮ್ಮಕ್ಕಳ ಕಾಲಕ್ಕೂ ಪ್ರಿಂಟ್ ಹಾಕಿಸ್ಬೋದು" ಅಂತ. ಅಳಿಸಿ ಹೋಗುತ್ತೋ ಇಲ್ವೋ ನಂಗೇನ್ ಗೊತ್ತಿತ್ತು, ಹೊಟ್ಟೆಉರಿಗೆ ಹೇಳ್ತಿದ್ದೆ ಅಷ್ಟೆ. ಆ ವರ್ಷ ನನ್ ಸ್ವಂತ ಷಡ್ಡಕನ ಮಗಳ ಮದುವೆಗೆ ತಿಪಟೂರಿಂದ ಬೇರೆಯವರನ್ನ ಕರೆಸಿದ್ರು. ನಾನು ಪಂಕ್ತೀಲಿ ಕೂತು ಊಟ ಮಾಡ್ತಿದ್ದೀನಿ, ಆ ಹುಡುಗ ಕ್ಯಾಮೆರಾ ಹಿಂದೆ ಸ್ಕ್ರೀನಲ್ಲಿ ಆಗ್ಲೇ ಫೋಟೋ ತೋರಿಸ್ತಿದ್ದಾನೆ, ಹೆಂಗಸರೆಲ್ಲ ಮುತ್ತಿಕೊಂಡು ನೋಡ್ತಿದ್ದಾರೆ. ಹೋಳಿಗೆ ಗಂಟಲಲ್ಲಿ ಇಳೀಲಿಲ್ಲ.

ಅಲ್ಲಿಂದ ನಿದ್ದೆ ಕೆಟ್ಟೋಯ್ತು. ರಾತ್ರಿ ಎರಡು ಗಂಟೆಗೆ ಎಚ್ಚರ ಆಗೋದು, ಲೆಕ್ಕ ಶುರು, ಕ್ಯಾಮೆರಾಗೆ ಇಷ್ಟು, ಕಂಪ್ಯೂಟರ್‌ಗೆ ಇಷ್ಟು, ಸಾಲ ಎಲ್ಲಿ, ಈ ವಯಸ್ಸಲ್ಲಿ ಕಲಿಯೋದು ಹೆಂಗೆ. ಗ್ಯಾಸ್ಟ್ರಿಕ್, ಮನೇಲಿ ಸಿಡುಕು, ಡಾಕ್ಟರ್ ಹತ್ರ ಹೋದ್ರೆ ಬಿಪಿ 150/100. ಉಪ್ಪು ಕಮ್ಮಿ ಮಾಡಿ, ದಿನಾ ವಾಕ್ ಮಾಡಿ ಅಂದ್ರು, ಮಾತ್ರೆ ಬರೆದುಕೊಟ್ರು.

ಒಂದಿನ ನಮ್ಮನೆಯವ್ಳು ರೇಗಿಕೊಂಡೇ ಕೇಳಿದ್ಲು, "ರೀ, ಎಲ್ಲಾ ಹೋಯ್ತು ಎಲ್ಲಾ ಹೋಯ್ತು ಅಂತೀರಲ್ಲ, ಏನೇನ್ ಹೋಯ್ತು ಒಂದ್ಸಲ ಹೇಳಿ ನೋಡಣ". ಜವಾಬು ಕೊಡೋಕೆ ಅಂತಾನೇ ಬಿಲ್ ಬುಕ್ ತೆಗೆದು ಒಂದು ಹಾಳೆ ಹಿಂದೆ ಗೆರೆ ಎಳೆದು ಎಡಗಡೆ ಹೋಗೋದು, ಬಲಗಡೆ ಉಳಿಯೋದು ಅಂತ ಬರೆಯೋಕೆ ಕೂತೆ. ಎಡಗಡೆ: ಡಾರ್ಕ್ ರೂಮು, ಟಚಿಂಗು, ರೀಲಿನ ಮಾರ್ಜಿನ್ನು. ನಾಲ್ಕನೇದು ಹೊಳೀಲೇ ಇಲ್ಲ! ಬಲಗಡೆ ಬರೀತಾ ಹೋದ್ರೆ ನಿಲ್ತಾನೇ ಇಲ್ಲ. ಬೆಳಕು ಎಲ್ಲಿಂದ ಬೀಳ್ತಿದೆ ನೋಡೋ ಕಣ್ಣು, ಬಿಗಿದ ಮುಖದವರನ್ನ ಒಂದು ಮಾತಾಡ್ಸಿ ಸಡಿಲ ಮಾಡೋದು, ಅಳೋ ಮಗೂನ ಕೂರಿಸೋದು, 36 ಫ್ರೇಮಿನ ರೀಲಲ್ಲಿ ಮಾಂಗಲ್ಯಧಾರಣೆಗೆ ಒಂದೇ ಕ್ಲಿಕ್ಕಿಗೆ ಕಾಯೋ ತಾಳ್ಮೆ, ಊರಿನ ಅರ್ಧ ಮನೆಗಳ ಪರಿಚಯ. ಸಾಲದ ಚಿಂತೆ ಹಂಗೇ ಇತ್ತು, ಆದ್ರೆ "ಎಲ್ಲಾ" ಅನ್ನೋ ಪದ ಅವತ್ತಿಂದ ಬಾಯಿಂದ ಕಮ್ಮಿ ಆಯ್ತು.

ಡಿಜಿಟಲ್‌ಗೆ ಹೋಗೋದು ಅಂತ ಆದ್ಮೇಲೆ, ಕಲಿಯೋದೇ ನಿಜವಾದ ಕಷ್ಟ. ಅಕ್ಕನ ಮಗ, ಹತ್ತೊಂಬತ್ತು ವರ್ಷ, ಅವನ ಪಕ್ಕ ಸ್ಟೂಲ್ ಹಾಕ್ಕೊಂಡು ಫೋಟೋಶಾಪ್ 7.0 ಕಲೀಬೇಕು. ಮೌಸ್ ಹಿಡಿದ್ರೆ ಕೈ ನಡುಕ, ಗಿರಾಕಿ ಬಂದ್ರೆ ಎದ್ದು ಕೌಂಟರ್ ಹತ್ರ ನಿಂತ್ಕೊಂಡು ಏನೂ ಆಗಿಲ್ಲ ಅನ್ನೋ ಥರ ನಟನೆ. ಅವನು ಸ್ಪೀಡಾಗಿ ಹತ್ತು ವಿಷಯ ಹೇಳೋನು, ಮಾರನೇ ದಿನಕ್ಕೆ ಒಂದೂ ನೆನಪಿರ್ತಿರಲಿಲ್ಲ, ತಲೆ ಚಿಟ್ಟು ಹಿಡಿಯೋದು. ಕೊನೆಗೆ ಅವನಿಗೆ ಹೇಳ್ದೆ, ನೋಡಪ್ಪ, ದಿನಕ್ಕೆ ಒಂದೇ ಟೂಲು, ಬೆಳಗ್ಗೆ ಅಂಗಡಿ ತೆಗೆದ ತಕ್ಷಣ ಅರ್ಧ ಗಂಟೆ, ಅಷ್ಟೇ. ಕೀಗಳನ್ನ ಪೇಪರ್ ಡಬ್ಬದ ರಟ್ಟಲ್ಲಿ ಕನ್ನಡದಲ್ಲಿ ಬರೆದು ಮಾನಿಟರ್ ಪಕ್ಕ ಅಂಟಿಸಿದ್ದೆ, ಮೊದಲನೇದೇ "ಕಂಟ್ರೋಲ್ ಝಡ್ – ತಪ್ಪು ವಾಪಸ್". ಪೆನ್ಸಿಲ್ ಟಚಿಂಗಲ್ಲಿ ಕೈ ಜಾರಿದ್ರೆ ನೆಗೆಟಿವ್ ಹೋಯ್ತು ಅಂತಾನೇ ಲೆಕ್ಕ, ಇಲ್ಲಿ ಒತ್ತಿದ್ರೆ ತಪ್ಪೇ ಇಲ್ಲ, ಅವತ್ತು ಸುಮ್ನೆ ಹತ್ತಿಪ್ಪತ್ತು ಸಲ ತಪ್ಪು ಮಾಡಿ ಒತ್ತಿ ಒತ್ತಿ ನೋಡ್ದೆ. ಆಮೇಲೆ ಮೊಡವೆ ತೆಗೆಯೋ ಟೂಲ್ ಬಂದಾಗ ಆ ಹುಡುಗನಿಗಿಂತ ನಂದೇ ನೀಟು, ಎಲ್ಲಿ ನಿಲ್ಲಿಸ್ಬೇಕು ಅಂತ ಪೆನ್ಸಿಲ್ ಕಾಲದಿಂದಾನೇ ಗೊತ್ತಿತ್ತಲ್ಲ.

ಒಂದೇ ಸಲ ಹಾರಲಿಲ್ಲ ನಾನು. ಸುಮಾರು ಎಂಟು ತಿಂಗಳು ಮದುವೆಗಳಲ್ಲಿ ಎರಡು ಕ್ಯಾಮೆರಾ ನೇತಾಕ್ಕೊಂಡು ಮುಖ್ಯವಾದದ್ದು ರೀಲಲ್ಲೂ, ಉಳಿದದ್ದು ಡಿಜಿಟಲಲ್ಲೂ ತೆಗೀತಿದ್ದೆ. ದುಡ್ಡಿನ ಲೆಕ್ಕದಲ್ಲಿ ದಂಡ, ಕತ್ತು ಬೇರೆ ನೋವು, ಆದ್ರೆ ರಾತ್ರಿ ನಿದ್ದೆ ಬಂತಲ್ಲ.

ಚಿಂತೆಗೆ ಒಂದು ಟೈಮ್ ಇಟ್ಟಿದ್ದು ಇನ್ನೊಂದು. ಡಾಕ್ಟರ್ ವಾಕ್ ಅಂದಿದ್ರಲ್ಲ, ಶಟರ್ ಎಳೆದು ರೈಲ್ವೆ ಸ್ಟೇಷನ್ ಕಡೆ ನಡ್ಕೊಂಡು ಹೋಗಿ ಒಂದು ಟೀ ಕುಡಿದು ಬರೋದು, ಸಾಲ, ಕಾಂಪಿಟೇಷನ್ನು, ಏನ್ ಬೇಕಾದ್ರೂ ಆಗ ಯೋಚನೆ ಮಾಡು, ಮನೆ ಗೇಟ್ ದಾಟಿದ ಮೇಲೆ ಇಲ್ಲ. ರಾತ್ರಿ ಎರಡಕ್ಕೆ ಎಚ್ಚರ ಆದ್ರೆ "ನಾಳೆ ಸ್ಟೇಷನ್ ರೋಡಲ್ಲಿ ನೋಡ್ಕೊಳಣ" ಅಂತ ನನಗೆ ನಾನೇ ಹೇಳ್ಕೊಳೋದು. ಮೊದಲ ಎರಡು ಮೂರು ವಾರ ಏನೂ ಉಪಯೋಗ ಆಗ್ಲಿಲ್ಲ, ನಗು ಬರೋದು, ಆಮೇಲಾಮೇಲೆ ಅಭ್ಯಾಸ ಆಯ್ತು. ಬಿಪಿ ಮಾತ್ರೆ ಬಿಟ್ಟೆ ಅಂತೇನಿಲ್ಲ, ಇವತ್ತಿಗೂ ತಗೋತೀನಿ.

ಡಾರ್ಕ್ ರೂಮನ್ನ ಮಾತ್ರ ಒಂದು ವರ್ಷ ಹಂಗೇ ಬೀಗ ಹಾಕಿ ಇಟ್ಟಿದ್ದೆ. ಒಂದು ಭಾನುವಾರ ತೆಗೆದು ಹಳೇ ಡೆವಲಪರ್ ಚೆಲ್ಲಿ, ನೆಗೆಟಿವಿಂದ ದೊಡ್ಡ ಪ್ರಿಂಟ್ ಹಾಕೋ ಎನ್‌ಲಾರ್ಜರ್ ಒರೆಸಿ ಅಟ್ಟಕ್ಕೆ ಹಾಕಿ, ಟ್ರೇ ತೊಳ್ದೆ. ಹೈಪೋ ವಾಸನೆ ಮೂಗಿಗೆ ಬಡೀತಿದ್ದ ಹಾಗೆ ಕಣ್ಣಲ್ಲಿ ನೀರು ಬಂತು, ಯಾರೂ ಇರ್ಲಿಲ್ಲ, ಅತ್ಬಿಟ್ಟೆ. ಆ ಟ್ರೇಗಳಲ್ಲಿ ಈಗ ಮನೆ ಮೇಲೆ ಸೇವಂತಿಗೆ ಇದೆ (ಕೆಮಿಕಲ್ ಟ್ರೇ, ಅಡುಗೆ ಮನೆಗೆ ಮಾತ್ರ ಬಿಡ್ಬೇಡಿ).

ಆಮೇಲೆ ಆಧಾರ್ ಬಂತು, ಅಲ್ಲೇ ಕ್ಯಾಮೆರಾ ಇಟ್ಟು ಅವರೇ ಫೋಟೋ ತೆಗೀತಾರೆ, ಪಾಸ್‌ಪೋರ್ಟ್ ಆಫೀಸಲ್ಲೂ ಹಂಗೇ, 2016ರಲ್ಲಿ ಜಿಯೋ ಬಂದ ಮೇಲೆ ಎಲ್ಲರ ಕೈಲೂ ಮೊಬೈಲ್ ಕ್ಯಾಮೆರಾ. ಎರಡನೇ ಸಲ ಸುಲಭ ಅಂತ ಹೇಳಲ್ಲ, ಆದ್ರೆ ಗ್ಯಾಸ್ಟ್ರಿಕ್ ಶುರುವಾದ ತಕ್ಷಣ ಓಹೋ ಇದು ಅದೇ ಅಂತ ಗುರುತು ಸಿಗ್ತು. ಈಗ ಬೆಂಗಳೂರಿಂದ ಕ್ಯಾಂಡಿಡ್ ಹುಡುಗರು ಬರ್ತಾರೆ, ಅವರು ನಗೋದು ಅಳೋದು ತೆಗೀತಾರೆ, ನಾನು ಧಾರೆ, ಮಾಂಗಲ್ಯ, ಫ್ಯಾಮಿಲಿ ಗ್ರೂಪು. ಯಾವ ಅಜ್ಜಿನ ಬಿಟ್ರೆ ಆ ಮನೇಲಿ ಜಗಳ ಆಗುತ್ತೆ ಅಂತ ಅವರಿಗೇನ್ ಗೊತ್ತು. ಪ್ರೀ ವೆಡ್ಡಿಂಗಲ್ಲಿ ಬಣ್ಣದ ಹೊಗೆ ಬಿಡೋದು ಮಾತ್ರ ನಂಗೆ ಆಗಲ್ಲ, ಅದನ್ನ ಒಪ್ಕೊಂಡಿಲ್ಲ, ಒಪ್ಕೊಳೋದೂ ಇಲ್ಲ.

ಮೊನ್ನೆ ಅಕ್ಕನ ಮಗ ಬಂದಿದ್ದ, ಈಗ ಅವನಿಗೂ ತಲೆ ನೆರೀತಿದೆ. ಮೊಬೈಲಲ್ಲಿ ಎಐ ತೋರಿಸ್ದ, ಒಂದು ಸೆಲ್ಫಿ ಕೊಟ್ರೆ ಕೋಟು, ಬ್ಯಾಕ್‌ಗ್ರೌಂಡು, ಟಚಿಂಗು ಎಲ್ಲ ಅದೇ ಮಾಡಿ ಕೊಡ್ತು. ಹೊಟ್ಟೆ ಚುರ್ ಅಂತು. "ಏನ್ ಮಾವ, ಮುಖ ಹಂಗಾಯ್ತು" ಅಂದ. ಅವನಿಗೆ ಟೀ ತರೋಕೆ ಕಳಿಸಿ ಬಿಲ್ ಬುಕ್ ತೆಗೆದು ಗೆರೆ ಎಳ್ದೆ. ಎಡಗಡೆ ಮೂರು ಬರೆದಿದ್ದೀನಿ, ಬಲಗಡೆ ಸದ್ಯಕ್ಕೆ ಎರಡೇ ಇದೆ.