ಹೋಮ್ ಥಿಯೇಟರ್ ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ಓದುವ ಬಗೆ

ಹೋಮ್ ಥಿಯೇಟರ್ ಕೊಳ್ಳಲು ಹೊರಟಿರುವ ಸದಸ್ಯರು ಮೊದಲು ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ಅರ್ಥ ಮಾಡಿಕೊಂಡರೆ ಅರ್ಧ ಗೊಂದಲ ಅಂಗಡಿಯಲ್ಲಿಯೇ ತೀರುತ್ತದೆ. 5.1 ಎಂಬಲ್ಲಿ 5 ಎಂದರೆ ಮುಂದಿನ ಎಡ, ಬಲ ಮತ್ತು ನಡುವಿನ ಸ್ಪೀಕರುಗಳು ಹಾಗೂ ಕುಳಿತವರ ಅಕ್ಕಪಕ್ಕದ ಎರಡು. ಚುಕ್ಕೆಯ ನಂತರದ 1 ಗುಡುಗಿನಂತಹ ತಗ್ಗಿನ ದನಿಗೆ ಮೀಸಲಾದ ಸಬ್‌ವೂಫರ್. 5.1.2 ಎಂದಿದ್ದರೆ ಕೊನೆಯ 2 ಮೇಲಿನಿಂದ ದನಿ ಕೇಳಿಸುವ ಅಟ್ಮಾಸ್ ಸ್ಪೀಕರುಗಳನ್ನು ಸೂಚಿಸುತ್ತದೆ. ಚಿತ್ರದ ಮಾತುಕತೆ ಬಹುಪಾಲು ನಡುವಿನ ಸ್ಪೀಕರಿನಿಂದಲೇ ಬರುವುದರಿಂದ, ಸಂಭಾಷಣೆ ಸ್ಪಷ್ಟವಾಗಿ ಕೇಳಬೇಕೆನ್ನುವವರು ನಡುವಿನ ಸ್ಪೀಕರ್ ಇಲ್ಲದ 2.1ಕ್ಕಿಂತ ಅದಿರುವ 3.1 ಆರಿಸಿಕೊಳ್ಳುವುದು ಮೇಲು.

ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿ) ಎಂದು ದಪ್ಪ ಅಕ್ಷರದಲ್ಲಿ ಮುದ್ರಿಸಿದ ಸಾವಿರಾರು ವ್ಯಾಟ್‌ಗಳಿಗೆ ಮರುಳಾಗಬೇಡಿ. ಸತತವಾಗಿ ದೊರೆಯುವ ಶಕ್ತಿಯನ್ನು ಹೇಳುವುದು ಆರ್‌ಎಂಎಸ್ ಅಂಕಿ.

ಟಿವಿಯ ಹಿಂದೆ ಮೂರ್ನಾಲ್ಕು ಎಚ್‌ಡಿಎಂಐ ಕಿಂಡಿಗಳಿದ್ದರೂ, ಟಿವಿಯ ದನಿಯನ್ನು ಸೌಂಡ್‌ಬಾರಿಗೆ (ಟಿವಿಯ ಕೆಳಗಿಡುವ ಉದ್ದನೆಯ ಸ್ಪೀಕರ್) ಮರಳಿ ಕಳುಹಿಸುವುದು ಸಾಮಾನ್ಯವಾಗಿ ಎಆರ್‌ಸಿ ಅಥವಾ ಅದರ ಸುಧಾರಿತ ರೂಪವಾದ ಇಎಆರ್‌ಸಿ ಎಂದು ಬರೆದಿರುವ ಒಂದು ಕಿಂಡಿ ಮಾತ್ರ. ನಾನು ಕೇಬಲ್ಲನ್ನು ಪಕ್ಕದ ಕಿಂಡಿಗೆ ಸಿಕ್ಕಿಸಿ, ದನಿಯೇ ಬಾರದೆ ಒಂದು ಇಡೀ ಸಂಜೆ ರಿಮೋಟಿನ ಸೆಲ್ಲುಗಳನ್ನು ಬದಲಿಸುತ್ತ ಕುಳಿತಿದ್ದೆ! ಬ್ಲೂ-ರೇ ಡಿಸ್ಕಿನ ಟ್ರೂಎಚ್‌ಡಿಯಂತಹ ಸಂಕುಚಿತಗೊಂಡರೂ ಗುಣಮಟ್ಟ ಕಳೆಯದ ಧ್ವನಿಯನ್ನು ಟಿವಿಯ ಮೂಲಕ ಹಾಯಿಸಬೇಕಾದರೆ ಎರಡೂ ಕಡೆ ಇಎಆರ್‌ಸಿ ಇರಬೇಕು. ಒಟಿಟಿ ನೋಡುವುದಕ್ಕೆ ಎಆರ್‌ಸಿ ಸಾಕು. ಸಂಪರ್ಕ ಸರಿಯಿದ್ದೂ ಅಕ್ಕಪಕ್ಕದ ಸ್ಪೀಕರುಗಳು ಮೌನವಾಗಿದ್ದರೆ, ಟಿವಿಯ ಡಿಜಿಟಲ್ ಆಡಿಯೋ ಸೆಟ್ಟಿಂಗ್ ಪಿಸಿಎಂನಲ್ಲಿದೆಯೇ (ಇದರಲ್ಲಿ ಸಾಮಾನ್ಯವಾಗಿ ಎಡ-ಬಲದ ದನಿಯಷ್ಟೇ ಹೋಗುತ್ತದೆ) ನೋಡಿ, ಅದನ್ನು ಆಟೋ ಅಥವಾ ಪಾಸ್‌ಥ್ರೂಗೆ ಬದಲಿಸಿ.