ಕ್ಯಾಲೇಥಿಯಾ ಎಲೆ ಒಣಗುತ್ತಿದ್ದರೆ ಮೊದಲು ನೀರು ನೋಡಿ

ಮನೆಯೊಳಗೆ ಚಿತ್ತಾರದ ಎಲೆಗಾಗಿ ಬೆಳೆಸುವ ಕ್ಯಾಲೇಥಿಯಾ ಗಿಡದ ಎಲೆಯ ಅಂಚು ಕಂದಾಗಿ ಒಣಗುತ್ತಿದೆಯಾ? ಗೊಬ್ಬರ ತರಲು ಓಡಬೇಡಿ. ಯಾವ ನೀರು ಹಾಕುತ್ತಿದ್ದೀರಿ ಅಂತ ಮೊದಲು ನೋಡಿ.

ನಮ್ಮದು ಬೆಂಗಳೂರಿನ ಫ್ಲಾಟು, ನಲ್ಲಿಯಲ್ಲಿ ಬರುವುದು ಬೋರ್‌ವೆಲ್ ನೀರು. ಬಕೆಟ್ಟಿಗೆ ಬಿಳಿ ಪದರ ಕಟ್ಟುತ್ತದಲ್ಲ, ಅದೇ ಲವಣ ಕುಂಡದ ಮಣ್ಣಲ್ಲೂ ದಿನೇ ದಿನೇ ಸೇರುತ್ತದೆ. ಮನಿ ಪ್ಲಾಂಟ್ ಹೇಗೋ ತಡೆದುಕೊಳ್ಳುತ್ತದೆ, ಕ್ಯಾಲೇಥಿಯಾಗೆ ಆಗಲ್ಲ. ನನ್ನ ಹತ್ತಿರ ಇರುವುದು ಅದರಲ್ಲಿ ಮಕೋಯಾನ ಅನ್ನುವ ಜಾತಿ, ನರ್ಸರಿಯವರು ಪೀಕಾಕ್ ಪ್ಲಾಂಟ್ ಅನ್ನುತ್ತಾರೆ. ಪೂರ್ವ ಬ್ರೆಜಿಲ್ಲಿನ ಕಾಡಿನದು, ದೊಡ್ಡ ಮರಗಳ ನೆರಳಲ್ಲಿ ಮಳೆ ನೀರು ಕುಡಿದು ಬೆಳೆಯುವ ಗಿಡ. (2012ರಲ್ಲಿ ಇದನ್ನು ಗೋಪರ್ಟಿಯಾ ಕುಲಕ್ಕೆ ಸೇರಿಸಿದ್ದಾರೆ, ಆದರೆ ಅಂಗಡಿಯಲ್ಲಿ ಕ್ಯಾಲೇಥಿಯಾ ಅಂತಲೇ ಕೇಳಿ.)

ಹಾಗಾಗಿ ನಾನೂ ಮಳೆ ನೀರನ್ನೇ ಹಿಡಿಯತೊಡಗಿದೆ. ಮೊದಲ ಮಳೆಯಲ್ಲಿ ತಾರಸಿಯ ಧೂಳೆಲ್ಲ ಬರುತ್ತದೆ, ಅದನ್ನು ಬಿಟ್ಟು ಆಮೇಲಿನದನ್ನು ಡ್ರಮ್ಮಿಗೆ ತುಂಬಿ, ಸೊಳ್ಳೆ ಮೊಟ್ಟೆ ಇಡದ ಹಾಗೆ ಬಿಗಿಯಾಗಿ ಮುಚ್ಚುತ್ತೇನೆ. ಅದು ಮುಗಿದರೆ ಆರ್‌ಒ ಫಿಲ್ಟರಿನ ಕುಡಿಯುವ ನೀರು. ಅದರ ಇನ್ನೊಂದು ಪೈಪಿನಿಂದ ಹೊರಗೆ ಹೋಗುತ್ತದಲ್ಲ, ಸುಮ್ನೆ ಪೋಲಾಗುತ್ತೆ ಅಂತ ಅದನ್ನು ಗಿಡಕ್ಕೆ ಹಾಕುವವರು ತುಂಬಾ ಜನ. ದಯವಿಟ್ಟು ಹಾಕಬೇಡಿ, ಉಪ್ಪೆಲ್ಲ ಅದರಲ್ಲೇ ಇರುತ್ತದೆ. ಅದರಲ್ಲಿ ನೆಲ ಒರೆಸಿ.

ಮಣ್ಣಿನ ಮೇಲ್ಪದರ ಒಂದು ಇಂಚು ಒಣಗಿದ ಮೇಲೆ ನೀರು ಕೊಡುತ್ತೇನೆ, ಕೆಳಗಿನ ತೂತಿಂದ ಹರಿದು ಬರುವಷ್ಟು. ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಲೇಬೇಕು, ಇಲ್ಲದಿದ್ದರೆ ಬೇರು ಕೊಳೆಯುತ್ತದೆ. ಕುಂಡದ ಮಿಶ್ರಣ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಪರ್ಲೈಟ್ (ನೀರು ಬಸಿಯಲು ಹಾಕುವ ಹಗುರ ಬಿಳಿ ಕಲ್ಲಿನ ಹರಳು), ಸ್ವಲ್ಪ ಎರೆಗೊಬ್ಬರ, ಅಷ್ಟೇ. ಕುಂಡ ಪೂರ್ವದ ಕಿಟಕಿಯಿಂದ ಒಂದಿಷ್ಟು ಒಳಗೆ, ತೆಳು ಪರದೆಯ ಹಿಂದೆ ಇದೆ. ನೇರ ಬಿಸಿಲು ಬಿದ್ದರೆ ಎಲೆಯ ಚಿತ್ತಾರವೇ ಮಂಕಾಗುತ್ತದೆ.

ಕಷ್ಟ ಇರುವುದು ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಗಾಳಿ ಒಣಗಿ ಎಲೆ ಸುರುಳಿ ಸುತ್ತಿಕೊಳ್ಳುತ್ತದೆ. ಸ್ಪ್ರೇ ಮಾಡಿದರೆ ಸ್ವಲ್ಪ ಹೊತ್ತು ಮಾತ್ರ ತೇವ ಇರುತ್ತದೆ, ಅದಕ್ಕೇ ಆ ತಿಂಗಳುಗಳಲ್ಲಿ ಗಿಡವನ್ನು ಕಿಟಕಿ ಇರುವ ಬಚ್ಚಲುಮನೆಗೆ ಸಾಗಿಸುತ್ತೇನೆ. ಎಲೆಯ ರಸ ಹೀರುವ ಪುಟಾಣಿ ಜೇಡನುಸಿ (ಸ್ಪೈಡರ್ ಮೈಟ್) ಹತ್ತುವುದೂ ಆಗಲೇ. ಎಲೆಯ ಹಿಂಬದಿ ದಿನಾ ನೋಡಿ, ಸಣ್ಣ ಬಲೆ ಕಂಡರೆ ಶವರ್ ಹಿಡಿದು ಚೆನ್ನಾಗಿ ತೊಳೆದು, ಸಂಜೆ ಹೊತ್ತು ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ನಾಲ್ಕು ಹನಿ ಸೋಪು ಬೆರೆಸಿ ಸಿಂಪಡಿಸಿ. ವಾರ ಬಿಟ್ಟು ಮತ್ತೊಮ್ಮೆ ಮಾಡಬೇಕು, ಮೊಟ್ಟೆಗಳು ಉಳಿದಿರುತ್ತವೆ.

ಒಣಗಿದ ಅಂಚು ಮತ್ತೆ ಹಸಿರಾಗಲ್ಲ, ಅದನ್ನು ನೋಡಿ ಬೇಜಾರಾಗಬೇಡಿ. ನೀರು ಬದಲಿಸಿದ ಮೇಲೆ ಬಿಚ್ಚಿಕೊಳ್ಳುವ ಹೊಸ ಎಲೆಯ ಅಂಚನ್ನು ನೋಡಿ.